ಬಟ್ಟೆ ಹೊದ್ದ ಆಕೃತಿ: ಮಡಿಕೆಗಳೆಲ್ಲ ಬಂದರೂ ಒಳಗಿನ ಮೈ ಕಾಣುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಬಿಳಿಹಾಳೆ:
ಕುರ್ಚಿಯಲ್ಲಿ ಕೂತ ಮಾಡೆಲ್. ಎಡಹೆಗಲಿನಿಂದ ಪಾದದವರೆಗೆ ಇಳಿಬಿಟ್ಟ ದಪ್ಪ ಬಿಳಿ ಹತ್ತಿಬಟ್ಟೆ. ಪೋಸ್ 40 ನಿಮಿಷ, ಎ2 ಕಾಗದ, ಇದ್ದಿಲು. ಮಡಿಕೆ ಒಂದೊಂದನ್ನೂ ನೋಡಿ ನೋಡಿಯೇ ಬರೆದರೂ ಮುಗಿಯುವ ಹೊತ್ತಿಗೆ ಬಟ್ಟೆಯ ರಾಶಿ, ಮೇಲೊಂದು ತಲೆ, ಕೆಳಗೆರಡು ಪಾದ, ಅಷ್ಟೇ ಉಳಿಯುತ್ತದೆ. ತೊಡೆ ಎಷ್ಟು ಉದ್ದ, ಮಂಡಿ ಎಲ್ಲಿದೆ ಒಂದೂ ತಿಳಿಯುವುದಿಲ್ಲ. ಮಡಿಕೆಗಳು ಹಗ್ಗ ಹಾಸಿದ ಹಾಗೆ ಕಾಣುತ್ತವೆ. ಮೊದಲು ಮೈ ಬರೆದು ಆಮೇಲೆ ಬಟ್ಟೆ ಹೊದಿಸಬೇಕೋ, ನೇರವಾಗಿ ಬಟ್ಟೆಯನ್ನೇ ಬರೆಯಬೇಕೋ? ಬಲ್ಲವರು ಹೇಳಿ.

ಇದ್ದಿಲುಕಡ್ಡಿ:
ಮಡಿಕೆಗಳನ್ನು ಒಂದೊಂದಾಗಿ ನೋಡುತ್ತಿದ್ದೀರಲ್ಲ, ತೊಂದರೆ ಇರುವುದು ಅಲ್ಲೇ. ಬಟ್ಟೆ ಮೈಯನ್ನು ಎಲ್ಲ ಕಡೆಯೂ ಮುಟ್ಟುವುದಿಲ್ಲ. ಕೆಲವೇ ಜಾಗಗಳಲ್ಲಿ ಆಸರೆ ಪಡೆದು, ಅಲ್ಲಿಂದ ಜೋತು ಬೀಳುತ್ತದೆ ಇಲ್ಲವೇ ಇನ್ನೊಂದು ಆಸರೆಯ ಕಡೆಗೆ ಎಳೆದುಕೊಳ್ಳುತ್ತದೆ. ನೀವು ಹೇಳಿದ ಪೋಸಿನಲ್ಲಿ ಆಸರೆ ಐದಾರು ಕಡೆ ಇರಬಹುದು: ಎಡಹೆಗಲ ತುದಿ, ಎದೆಯ ಉಬ್ಬು, ಬಟ್ಟೆ ತೋಳಿನ ಮೇಲೆ ಹಾದಿದ್ದರೆ ಮೊಣಕೈ, ಎರಡೂ ಮಂಡಿ, ಕುರ್ಚಿಗೆ ಒತ್ತಿದ ತೊಡೆಯ ಹೊರಬದಿ. ಪ್ರತಿ ಮಡಿಕೆಯೂ ಇವುಗಳಲ್ಲಿ ಒಂದರಿಂದ ಹೊರಟಿರುತ್ತದೆ. ಎಲ್ಲಿಂದ ಹೊರಟಿತು ಎಂದು ಹೇಳಲಾಗದ ಮಡಿಕೆಯನ್ನು ಬರೆಯಲೇ ಬೇಡಿ.

40 ನಿಮಿಷವನ್ನು ಹೀಗೆ ಹಂಚಿಕೊಳ್ಳಿ. ಮೊದಲ 5 ನಿಮಿಷ ಮೈಗೆ. ಬಟ್ಟೆ ಇಲ್ಲವೇ ಇಲ್ಲ ಎಂಬಂತೆ ಎದೆಗೂಡಿನ ಪೆಟ್ಟಿಗೆ, ಸೊಂಟದ ಪೆಟ್ಟಿಗೆ, ಎರಡರ ಓರೆ, ತೊಡೆ ಮತ್ತು ಕಾಲಿನ ಕೊಳವೆಗಳು. ಬಳ್ಳಿ ಇದ್ದಿಲಿನಲ್ಲಿ (ಬಳ್ಳಿಯ ಕಡ್ಡಿ ಸುಟ್ಟು ಮಾಡಿದ ಮೆತ್ತನೆಯ ಇದ್ದಿಲು) ತೀರ ತೆಳುವಾಗಿ, ಒರೆಸಿದರೆ ಹೋಗುವಂತೆ ಇರಲಿ. ಮುಂದಿನ 3 ನಿಮಿಷ ಆಸರೆಯ ಜಾಗಗಳಿಗೆ ಚುಕ್ಕೆ ಇಟ್ಟು, ಚುಕ್ಕೆಯಿಂದ ಚುಕ್ಕೆಗೆ ಬಟ್ಟೆ ಬಿಗಿದಿರುವ ಕಡೆ ಒಂದೊಂದು ಗೆರೆ. ಆಮೇಲೆ 7 ನಿಮಿಷ ಬಟ್ಟೆಯ ಒಟ್ಟು ಆಕಾರ ಮತ್ತು ಅಂಚು. ಮುಖ್ಯ ಮಡಿಕೆ ಐದೋ ಆರೋ, ಅವಕ್ಕೆ ನೆರಳು ಸಮೇತ 15 ನಿಮಿಷ. ಉಳಿದ 10 ನಿಮಿಷ ಚಿಕ್ಕ ಮಡಿಕೆ, ಅಂಚಿನ ತಿದ್ದುಪಡಿ, ಕಡುಗಪ್ಪು. ಹೆಚ್ಚಿನವರು ಕೊನೆಯ ಹತ್ತು ನಿಮಿಷದ ಕೆಲಸವನ್ನೇ ಮೊದಲು ಶುರು ಮಾಡುತ್ತಾರೆ.

ಕೂತ ಆಕೃತಿಯಲ್ಲಿ ತೊಡೆ ನಿಮ್ಮ ಕಡೆಗೆ ಚಾಚಿದ್ದರೆ ಅದು ಕಾಗದದ ಮೇಲೆ ಗಿಡ್ಡವಾಗಲೇಬೇಕು. ಸೊಂಟದ ಮಡಿಕೆಯಿಂದ ಮಂಡಿಯ ತುದಿಗೆ ಎಷ್ಟು, ಮಂಡಿಯಿಂದ ಹಿಮ್ಮಡಿಗೆ ಎಷ್ಟು ಎಂದು ಪೆನ್ಸಿಲ್ ಹಿಡಿದು ಅಳೆದುಕೊಳ್ಳಿ. ಬಟ್ಟೆ ಮುಚ್ಚಿದ ಮೇಲೆ ಈ ಅಳತೆ ಸಿಗುವುದು ಕಷ್ಟ, ಸಿಗದೆ ಇದ್ದಾಗ ಕೈ ತಾನಾಗಿ ತೊಡೆಯನ್ನು ಉದ್ದ ಮಾಡುತ್ತದೆ.

ಹಾಸುಹೊಕ್ಕು:
ಮೇಲಿನದಕ್ಕೆ ಸೇರಿಸುವುದಾದರೆ, ಎರಡು ಆಸರೆಗಳ ನಡುವೆ ಬಟ್ಟೆ ಏನು ಮಾಡುತ್ತದೆ ಅನ್ನುವುದಕ್ಕೆ ಚಿತ್ರಕಲಾ ಪಾಠಗಳಲ್ಲಿ ಏಳು ಬಗೆಯ ಮಡಿಕೆ ಹೇಳುತ್ತಾರೆ: ಪೈಪ್, ಡಯಾಪರ್, ಜಿಗ್‌ಜಾಗ್, ಸ್ಪೈರಲ್, ಹಾಫ್‌ಲಾಕ್, ಡ್ರಾಪ್, ಇನರ್ಟ್. ಏಳನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಕೂತ ಪೋಸಿಗೆ ಮೂರು ಚೆನ್ನಾಗಿ ಗೊತ್ತಿದ್ದರೆ ಮುಕ್ಕಾಲು ಕೆಲಸ ಆದಂತೆ.

ಒಂದು ಆಸರೆಯಿಂದ ನೇರ ಕೆಳಗೆ ಜೋತು ಬಿದ್ದರೆ ಪೈಪ್. ಮಂಡಿಯಿಂದ ನೆಲಕ್ಕೆ ಇಳಿಯುವುದೆಲ್ಲ ಇದೇ. ಆಸರೆಯ ಹತ್ತಿರ ಕಿರಿದು, ಕೆಳಗೆ ಹೋಗುತ್ತ ಅಗಲ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇಟ್ಟರೆ ನೀವು ಹೇಳಿದ ಹಗ್ಗ ಆಗುತ್ತದೆ.

ಎರಡು ಆಸರೆಗಳ ನಡುವೆ ಬಟ್ಟೆ ಸಡಿಲವಾಗಿ ತೂಗಿದರೆ ಡಯಾಪರ್. ಎರಡು ಮಂಡಿಗಳ ನಡುವೆ ಸಿಗುತ್ತದೆ. ಇಲ್ಲಿ ಬಹಳ ಮಂದಿ ಒಂದರ ಕೆಳಗೊಂದು ಸರಿಸಮ ಅರ್ಧವೃತ್ತ ಬರೆಯುತ್ತಾರೆ. ಗಮನವಿಟ್ಟು ನೋಡಿ: ಎಡಮಂಡಿಯಿಂದ ಇಳಿದ ಮಡಿಕೆ ನಡುವನ್ನು ದಾಟಿ ಬಲಮಂಡಿಯ ಮಡಿಕೆಯ ಕೆಳಗೆ ನುಗ್ಗಿ ಮಾಯವಾಗುತ್ತದೆ. ಅದರ ಕೆಳಗಿನದು ಬಲದಿಂದ ಬಂದು ಎಡಕ್ಕೆ ನುಗ್ಗುತ್ತದೆ. ಹೀಗೆ ಸರದಿಯಂತೆ ಹೆಣೆದುಕೊಂಡಿರುತ್ತವೆ. ಅತಿ ಆಳದ ಬಿಂದು ಸರಿಯಾಗಿ ನಡುವೆ ಇರುವುದು ಅಪರೂಪ, ಏಕೆಂದರೆ ಎರಡು ಮಂಡಿಗಳ ಎತ್ತರ ಒಂದೇ ಇರುವುದಿಲ್ಲ. ಎತ್ತರದ ಮಂಡಿಯಿಂದ ಹೊರಟ ಇಳಿಜಾರು ಉದ್ದ ಮತ್ತು ಕಡಿದು, ಆ ಆಳದ ಬಿಂದು ತಗ್ಗಿನಲ್ಲಿರುವ ಮಂಡಿಯ ಕಡೆಗೆ ಸರಿದಿರುತ್ತದೆ.

ಮೂರನೆಯದು ಹಾಫ್‌ಲಾಕ್. ಕೊಳವೆಯಂತಿರುವ ಬಟ್ಟೆ ತಟ್ಟನೆ ದಿಕ್ಕು ಬದಲಿಸುವಲ್ಲಿ, ಅಂದರೆ ತೊಡೆಸಂದಿನಲ್ಲಿ, ಮೊಣಕೈ ಒಳಬದಿಯಲ್ಲಿ, ಮಂಡಿ ಹಿಂದೆ. ಒಂದು ಸಮತಲ ಇನ್ನೊಂದರ ಮೇಲೆ ಕವುಚಿ ಒಳಗೆ ಒಂದು ಸಣ್ಣ ಮುಚ್ಚಿದ ಜೇಬಿನಂಥದು ಉಂಟಾಗುತ್ತದೆ. ಅದರ ತುದಿಗೆ ಕಣ್ಣು ಅನ್ನುತ್ತಾರೆ. ಇಡೀ ಚಿತ್ರದ ಕಡುಗಪ್ಪು ಸೇರಬೇಕಾದದ್ದು ಇಲ್ಲಿ. ಮೈ ಎಲ್ಲಿ ಬಾಗಿದೆ ಎಂದು ನೋಡುವವರಿಗೆ ತಿಳಿಸುವುದೂ ಇದೇ ಮಡಿಕೆ, ಆದ್ದರಿಂದ ತೊಡೆಸಂದಿನ ಹಾಫ್‌ಲಾಕ್ ಒಂದು ಸೆಂಟಿಮೀಟರ್ ಆಚೀಚೆ ಆದರೂ ಸೊಂಟ ಕಳಚಿಕೊಂಡಂತೆ ಕಾಣುತ್ತದೆ.

ನೆಲದ ಮೇಲೆ ಬಿದ್ದ ಬಟ್ಟೆ ಇನರ್ಟ್. ಅದಕ್ಕೆ ಎಳೆತ ಇಲ್ಲ. ಎರಡು ಮೂರು ದೊಡ್ಡ ಸಮತಲ ಬರೆದು ಬಿಟ್ಟುಬಿಡಿ.

ಬಿಳಿಹಾಳೆ:
ಅರ್ಥವಾಯಿತು. ಆದರೆ ಅಗಲ ಬದಲಿಸಿದರೂ ಹಗ್ಗದ ನೋಟ ಪೂರ್ತಿ ಹೋಗುತ್ತಿಲ್ಲ. ಮಡಿಕೆಗೆ ಎರಡು ಬದಿ ಗೆರೆ, ನಡುವೆ ಹೈಲೈಟ್, ಹೀಗೆ ಬರೆಯುವ ಕ್ರಮ ಸರಿಯೇ?

ಹಾಸುಹೊಕ್ಕು:
ಅದೇ ಬೇಡ. ಎರಡು ಸಮಾನಾಂತರ ಗೆರೆ, ನಡುವೆ ಬೆಳಕು ಅಂದರೆ ಕಣ್ಣು ಅದನ್ನು ಉರುಳೆ ಎಂದೇ ಓದುತ್ತದೆ. ಮಡಿಕೆಯನ್ನು ಅಡ್ಡಕ್ಕೆ ಕತ್ತರಿಸಿದರೆ ಏನು ಕಾಣುತ್ತದೆ ಎಂದು ಯೋಚಿಸಿ: ಮೇಲೊಂದು ಕಿರಿದಾದ ತಲೆ, ಎರಡು ಇಳಿಜಾರು, ಕೆಳಗೆ ಕಣಿವೆ. ಇಳಿಜಾರುಗಳಲ್ಲಿ ಒಂದು ಕಡಿದು, ಇನ್ನೊಂದು ಹರಡಿದ್ದು. ಕಡಿದಾದ ಕಡೆ ಅಂಚು ಗಟ್ಟಿ, ಹರಡಿದ ಕಡೆ ಅಂಚೇ ಇಲ್ಲ, ಟೋನ್ (ಕಪ್ಪು-ಬಿಳುಪಿನ ಹದ) ಕರಗುತ್ತ ಪಕ್ಕದ ಬಯಲಿಗೆ ಸೇರುತ್ತದೆ. ಆದ್ದರಿಂದ ಒಂದು ಮಡಿಕೆಗೆ ಒಂದೇ ಗೆರೆ ಸಾಕು. ಎರಡನೆಯ ಬದಿಯನ್ನು ಇದ್ದಿಲಿನ ತುಂಡನ್ನು ಮಲಗಿಸಿ ಎಳೆದ ಟೋನಿನಲ್ಲಿ ತೋರಿಸಿ. ಆ ಒಂದು ಗೆರೆಯೂ ಕೊನೆಯವರೆಗೆ ಒಂದೇ ಒತ್ತಡದಲ್ಲಿ ಹೋಗಬಾರದು. ಆಸರೆಯ ಹತ್ತಿರ ಒತ್ತಿ, ಬಟ್ಟೆ ಬಯಲಾಗುವಲ್ಲಿ ಕೈ ಹಗುರ ಮಾಡಿ.

ಇನ್ನೊಂದು ಪರೀಕ್ಷೆ: ತೊಡೆಯ ಮೇಲೆ ಅಡ್ಡ ಹಾಯುವ ಮಡಿಕೆ ತೊಡೆಯ ದುಂಡನ್ನು ಸುತ್ತಿ ಆಚೆ ಹೋಗಬೇಕು. ಹೊರಗೆರೆಗೆ ಬಂದು ಮೊಟಕಾಗಿ ನಿಂತರೆ ತೊಡೆ ಚಪ್ಪಟೆ. ಹೊರಗೆರೆಯಲ್ಲಿ ಆ ಜಾಗದಲ್ಲಿ ಒಂದು ಸಣ್ಣ ಉಬ್ಬು ಇದ್ದೇ ಇರುತ್ತದೆ, ಹುಡುಕಿ.

ಬೂದುಕಾಗದ:
ಇದ್ದಿಲುಕಡ್ಡಿ ಅವರ ಕ್ರಮಕ್ಕೆ ನನ್ನದೊಂದು ತಕರಾರು. ಮೈಯನ್ನು ಮೊದಲೇ ಬರೆದಿಟ್ಟರೆ ಕಲಿಯುವವರು ಬಟ್ಟೆಯನ್ನು ಆ ಗೆರೆಗೇ ಅಂಟಿಸುತ್ತಾರೆ. ದಪ್ಪ ಬಟ್ಟೆ ತೋಳಿನ ಕೆಳಬದಿಯಲ್ಲಿ ಮೈಯಿಂದ ನಾಲ್ಕಾರು ಬೆರಳು ದೂರ ಜೋತಿರುತ್ತದೆ. ಆ ಖಾಲಿ ಜಾಗವೇ ಬಟ್ಟೆಗೆ ತೂಕ ಕೊಡುವುದು. ನೆರಳಿನ ಆಕಾರಗಳಿಂದ ಶುರು ಮಾಡಿದರೆ ಈ ತೊಂದರೆ ಇಲ್ಲ: ಕಣ್ಣು ಕಿರಿದಾಗಿಸಿ, ಬೆಳಕು ಒಂದು, ನೆರಳು ಒಂದು, ಎರಡೇ ಟೋನ್. ನೆರಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಬೂದು ತುಂಬಿ. ಮೈ ತಾನಾಗಿ ಮೇಲೇಳುತ್ತದೆ.

ಇದಕ್ಕೆ ಬೆಳಕು ಸರಿಯಿರಬೇಕು. ದೀಪ ಒಂದೇ, ತಲೆಗಿಂತ ಮೇಲೆ, ಸುಮಾರು 45 ಡಿಗ್ರಿ ಪಕ್ಕಕ್ಕೆ. ಕೋಣೆಯ ಬೇರೆ ದೀಪ ಆರಿಸಿ. ಬೆಳಕು ಬರುವ ದಿಕ್ಕಿಗೇ ಓಡುವ ಮಡಿಕೆ ಕಾಣುವುದೇ ಇಲ್ಲ, ಬೆಳಕಿಗೆ ಅಡ್ಡ ಓಡುವುದು ಎದ್ದು ಕಾಣುತ್ತದೆ. ಮಂಡಿಯಿಂದ ಇಳಿದ ಪೈಪ್‌ಗಳು ಮುಖ್ಯವಾದರೆ ದೀಪ ಪಕ್ಕಕ್ಕೆ ಸರಿಯಲಿ. ಮಡಿಲಿನ ಅಡ್ಡ ಮಡಿಕೆಗಳು ಮುಖ್ಯವಾದರೆ ಮೇಲಕ್ಕೆ ಏರಲಿ.

ಬಿಳಿ ಬಟ್ಟೆಯಲ್ಲಿ ಇನ್ನೊಂದು ಎಚ್ಚರ. ಒಂದು ಮಡಿಕೆಯ ಬೆಳಕು ಪಕ್ಕದ ಮಡಿಕೆಯ ನೆರಳಿಗೆ ಬಡಿದು ವಾಪಸ್ ಬರುತ್ತದೆ, ಹಾಗಾಗಿ ಕಣಿವೆಗಳು ನಾವು ಅಂದುಕೊಂಡಷ್ಟು ಕಪ್ಪಲ್ಲ. ಕಾಗದದ ಬಿಳಿ 1, ಕಡುಗಪ್ಪು 9 ಅಂತ ಇಟ್ಟುಕೊಂಡರೆ ಬೆಳಕಿನ ಭಾಗ 1ರಿಂದ 3, ನೆರಳು 5, 6. ನಡುವೆ 4 ಅನ್ನು ಆದಷ್ಟು ಕಿರಿದಾಗಿಡಿ. 8, 9 ಹಾಫ್‌ಲಾಕ್‌ನ ಕಣ್ಣಿಗೆ, ಕುರ್ಚಿಗೂ ತೊಡೆಗೂ ನಡುವಿನ ಸಂದಿಗೆ, ಪಾದದ ಕೆಳಗೆ ಮಾತ್ರ. ಪ್ರತಿ ಕಣಿವೆಗೂ 8 ತುಂಬಿದರೆ ಬಟ್ಟೆ ಹರಿದಂತೆ ಕಾಣುತ್ತದೆ.

ಇದ್ದಿಲುಕಡ್ಡಿ:
ಬೂದುಕಾಗದ ಅವರೇ, ನೆರಳಿನ ದಾರಿ ನಾಲ್ಕು ಗಂಟೆ ಕೂತು ಮಾಡುವ ಸ್ಟಡಿಗೆ (ನೋಡಿ ಬರೆಯುವ ಅಭ್ಯಾಸಚಿತ್ರಕ್ಕೆ) ಸರಿ, ಒಪ್ಪುತ್ತೇನೆ. ಆದರೆ ಕಿಟಕಿಯ ಚದುರಿದ ಬೆಳಕಿನಲ್ಲಿ, ಅಥವಾ ಕಲ್ಪನೆಯಿಂದ ಬರೆಯುವಾಗ, ಹಿಡಿದುಕೊಳ್ಳಲು ನೆರಳೇ ಇರುವುದಿಲ್ಲವಲ್ಲ? ಆಗ ಆಸರೆಯೇ ಗತಿ. ಬಟ್ಟೆ ಗೆರೆಗೆ ಅಂಟುವ ದೋಷ ನೀವು ಹೇಳಿದ್ದು ನಿಜ, ಅದಕ್ಕೆ ಮದ್ದು ಸುಲಭ: ತೋಳಿನ ಮೇಲ್ಬದಿಯಲ್ಲಿ ಬಟ್ಟೆ ಮೈಗೆ ತಾಗಿರಲಿ, ಕೆಳಬದಿಯಲ್ಲಿ ದೂರ ಇರಲಿ. ತೊಡೆಗೂ ಅಷ್ಟೇ. ಎರಡೂ ಬದಿ ತಾಗಿಸಿದರೆ ಒದ್ದೆ ಬಟ್ಟೆ, ಎರಡೂ ಬದಿ ದೂರ ಇಟ್ಟರೆ ಗಾಳಿಚೀಲ.

ಬೂದುಕಾಗದ:
ಕಲ್ಪನೆಯಿಂದ ಬರೆಯುವ ಮಾತು ಬೇರೆ, ಅಲ್ಲಿ ನಿಮ್ಮದೇ ದಾರಿ. ಮಾಡೆಲ್ ಎದುರಿಗಿದ್ದಾಗ ಮಾತ್ರ ನಾನು ನನ್ನ ಮಾತು ಬಿಡುವುದಿಲ್ಲ.

ಕಲ್ಲುಗೆರೆ:
ಒದ್ದೆ ಬಟ್ಟೆಯ ಮಾತು ಬಂತು. ಶಿಲ್ಪಿಗಳು ಅದನ್ನು ಬೇಕೆಂದೇ ಮಾಡಿದ್ದಾರೆ, ಮತ್ತು ಬಿಳಿಹಾಳೆ ಅವರ ಪ್ರಶ್ನೆಗೆ ಅಲ್ಲೇ ಉತ್ತರ ಇದೆ. ಅಥೆನ್ಸಿನ ಅಕ್ರೊಪೊಲಿಸ್ ಮ್ಯೂಸಿಯಂನಲ್ಲಿ ಚಪ್ಪಲಿ ಸರಿಪಡಿಸಿಕೊಳ್ಳುವ ನೈಕಿಯ (ಗ್ರೀಕರ ಜಯದೇವತೆ) ಉಬ್ಬುಶಿಲ್ಪ ಇದೆ, ಕ್ರಿ.ಪೂ. 5ನೇ ಶತಮಾನದ ಕೊನೆಯದು. ತೊಡೆ, ಹೊಟ್ಟೆಯ ಉಬ್ಬಿನ ಮೇಲೆ ಮಡಿಕೆಗಳು ತೆಳುವಾಗಿ, ಮೈಯ ದುಂಡನ್ನು ಅಳೆಯುವ ಗೆರೆಗಳಂತೆ ಹಾಯುತ್ತವೆ. ಮೈ ತಗ್ಗಾಗುವಲ್ಲಿ, ಕೈಯಿಂದ ಜೋತು ಬೀಳುವಲ್ಲಿ ಮಡಿಕೆ ದಟ್ಟ ಮತ್ತು ಆಳ. ನಿಜವಾದ ಬಟ್ಟೆ ಇಷ್ಟು ಕ್ರಮವಾಗಿ ನಡೆದುಕೊಳ್ಳುವುದಿಲ್ಲ, ಶಿಲ್ಪಿ ಆಯ್ಕೆ ಮಾಡಿದ್ದಾನೆ. ಉಬ್ಬಿದ ಕಡೆ ಬಯಲು, ತಗ್ಗಿನ ಕಡೆ ಮಡಿಕೆ: ಇದನ್ನು ಹಾಗೇ ಇದ್ದಿಲಿಗೆ ತನ್ನಿ.

ನಿಂತ ಆಕೃತಿ ಬರೆಯುವವರು ಅಲ್ಲೇ ಎರೆಕ್ಥಿಯನ್ ಗುಡಿಯ, ಕಂಬವಾಗಿ ನಿಂತ ಹೆಣ್ಣುಗಳನ್ನು ನೋಡಿ. ತೂಕ ಹೊತ್ತ ಕಾಲಿನ ಮೇಲೆ ನೇರ ಇಳಿಯುವ ಮಡಿಕೆಗಳು, ಕಂಬದ ಗೀರುಗಳಷ್ಟು ಕಟ್ಟುನಿಟ್ಟು. ಸಡಿಲ ಕಾಲಿನಲ್ಲಿ ಮಂಡಿ ಬಟ್ಟೆಯನ್ನು ಮುಂದೆ ತಳ್ಳಿ ತೊಡೆ ನಯವಾಗಿ ಕಾಣುತ್ತದೆ. ಯಾವ ಕಾಲಿನ ಮೇಲೆ ತೂಕ ಇದೆ ಎಂದು ಪಾದ ನೋಡದೆ, ಮಡಿಕೆಯಿಂದಲೇ ಹೇಳಬಹುದು.

ಇನ್ನೊಂದು ತುದಿಗೆ ಸಾರನಾಥದ ಗುಪ್ತರ ಕಾಲದ ಬುದ್ಧ ಮೂರ್ತಿಗಳು, ಕ್ರಿ.ಶ. 5ನೇ ಶತಮಾನ. ಚೀವರದಲ್ಲಿ (ಭಿಕ್ಷುವಿನ ಹೊದಿಕೆ) ಮಡಿಕೆ ಇಲ್ಲವೆಂದೇ ಹೇಳಬೇಕು. ಕತ್ತಿನ ಗೆರೆ, ಮಣಿಕಟ್ಟಿನ ಅಂಚು, ಕೆಳ ಅಂಚು, ಇಷ್ಟರಿಂದಲೇ ಮೈಮೇಲೆ ಬಟ್ಟೆ ಇದೆ ಎಂದು ತಿಳಿಯುತ್ತದೆ. ಅದೇ ಕಾಲದ ಮಥುರೆಯ ಮೂರ್ತಿಗಳಲ್ಲಿ ದಾರದಂಥ ಮಡಿಕೆಗಳು ಸಾಲುಸಾಲಾಗಿ ಬಾಗಿ ಇಳಿಯುತ್ತವೆ. ಎರಡರಲ್ಲೂ ಒಳಗಿನ ಮೈ ಕಾಣುತ್ತದೆ. ಅಂದರೆ ಮಡಿಕೆಗಳ ಲೆಕ್ಕಕ್ಕೂ ಮೈ ಕಾಣುವುದಕ್ಕೂ ಸಂಬಂಧವಿಲ್ಲ. ಅಂಚುಗಳು ಮೈಯನ್ನು ಸುತ್ತಿ ಹೋಗುತ್ತವೆಯೇ ಅನ್ನುವುದೇ ಮುಖ್ಯ.

ಬಿಳಿಹಾಳೆ:
ಅಂಚು ಸುತ್ತುವುದು ಅಂದರೆ? ಕೆಳ ಅಂಚನ್ನು ಅಂಕುಡೊಂಕಾಗಿ ಬರೆದರೂ ಚಪ್ಪಟೆಯಾಗಿಯೇ ಬರುತ್ತಿದೆ.

ಇದ್ದಿಲುಕಡ್ಡಿ:
ಅಂಕುಡೊಂಕಿಗೆ ಮೊದಲು ದೀರ್ಘವೃತ್ತ ಬರೆಯಿರಿ. ಅಂಚು ನಿಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದರೆ ಮುಂಬದಿ ಕೆಳಕ್ಕೆ ಬಾಗುತ್ತದೆ. ಮಾಡೆಲ್ ವೇದಿಕೆಯ ಮೇಲಿದ್ದು ಅಂಚು ಕಣ್ಣಿಗಿಂತ ಮೇಲಿದ್ದರೆ ಮುಂಬದಿ ಮೇಲಕ್ಕೆ ಬಾಗಿ, ಅದರ ಕೆಳಗೆ ಹಿಂಬದಿಯ ಒಳಮೈ ಕಾಣುತ್ತದೆ. ಪ್ರತಿ ಪೈಪ್ ಆ ದೀರ್ಘವೃತ್ತದ ಮೇಲೆ ಒಂದು ತಿರುವು. ಮುಂದೆ ಬಂದ ಮಡಿಕೆಯ ಅಂಚು ತಗ್ಗಿನಲ್ಲಿ, ಹಿಂದೆ ಸರಿದ ಕಣಿವೆಯ ಅಂಚು ಸ್ವಲ್ಪ ಎತ್ತರದಲ್ಲಿ, ನಡುನಡುವೆ ಬಟ್ಟೆಯ ಒಳಮೈ ಸಣ್ಣ ಕಪ್ಪು ತ್ರಿಕೋನವಾಗಿ. ಬದಿಗಳಿಗೆ ಹೋದಂತೆ ತಿರುವುಗಳು ಇಕ್ಕಟ್ಟಾಗಲಿ. ಎಲ್ಲ ತಿರುವೂ ಒಂದೇ ಅಳತೆ ಆದರೆ ಪರದೆ ಆಗುತ್ತದೆ.

ಹಾಸುಹೊಕ್ಕು:
ಬಟ್ಟೆಯ ಆಯ್ಕೆಯ ಬಗ್ಗೆ ಯಾರೂ ಹೇಳಲಿಲ್ಲ. ಕಲಿಕೆಗೆ ದಪ್ಪ ಹತ್ತಿ ಒಳ್ಳೆಯದು, ಮಡಿಕೆ ಕಡಿಮೆ, ಸಮತಲಗಳು ಮೂಲೆಮೂಲೆಯಾಗಿ ಮುರಿಯುತ್ತವೆ. ಗಂಜಿ ಹಾಕಿದ್ದು ಬೇಡ, ಕಾಗದ ಮುದುಡಿದ ಹಾಗೆ ನಿಲ್ಲುತ್ತದೆ. ಉಣ್ಣೆ ದುಂಡಗೆ, ನಿಧಾನವಾಗಿ ತಿರುಗುತ್ತದೆ, ಹೈಲೈಟ್ ಇಲ್ಲ. ಸ್ಯಾಟಿನ್‌ನಲ್ಲಿ ಬೆಳಕಿನ ಪಕ್ಕದಲ್ಲೇ ಕಪ್ಪು ಕೂರುತ್ತದೆ, ನಡುವಿನ ಟೋನ್ ಬಹಳ ಕಡಿಮೆ. ಅದನ್ನು ಉಜ್ಜಿ ಉಜ್ಜಿ ಮೃದು ಮಾಡಿದರೆ ಹೊಳಪು ಸತ್ತಿತು. ನಿಟ್ ಬಟ್ಟೆ (ಟೀಶರ್ಟಿನಂಥ ಹೆಣೆದ ಬಟ್ಟೆ) ಹಿಗ್ಗುತ್ತದೆ, ಮಡಿಕೆ ಕೀಲುಗಳಲ್ಲಿ ಮಾತ್ರ.

ನೇಯ್ದ ಬಟ್ಟೆ ಹಾಸಿನ ಎಳೆಯ ದಿಕ್ಕಿಗೂ ಹೊಕ್ಕಿನ ದಿಕ್ಕಿಗೂ ಹಿಗ್ಗುವುದಿಲ್ಲ, ಓರೆಯಾಗಿ 45 ಡಿಗ್ರಿಗೆ ಎಳೆದರೆ ಹಿಗ್ಗುತ್ತದೆ. ಆದ್ದರಿಂದ ಒಂದೇ ಬಟ್ಟೆಯನ್ನು ಮೂಲೆ ಕೆಳಗೆ ಬರುವಂತೆ ಓರೆಯಾಗಿ ಹೊದಿಸಿದರೆ ಮಡಿಕೆ ಮೆತ್ತಗೆ, ಮೈಗೆ ಹತ್ತಿರ. ನೇರ ಹೊದಿಸಿದರೆ ಗಡುಸು. ಮೈ ಕಾಣುತ್ತಿಲ್ಲ ಎಂದರೆ ಮೊದಲು ಬಟ್ಟೆಯನ್ನೇ ಓರೆಯಾಗಿ ತಿರುಗಿಸಿ ಹೊದಿಸಿ ನೋಡಿ, ಚಿತ್ರ ಆಮೇಲೆ.

ಪಟ್ಟೆ ಇರುವ ಬಟ್ಟೆಗೆ ಒಂದೇ ಮಾತು. ಮಡಿಕೆ ಮುಗಿಸಿದ ಮೇಲೆ ಪಟ್ಟೆ. ಪಟ್ಟೆ ಮಡಿಕೆಯೊಳಗೆ ಮುಳುಗಿ ಆಚೆ ಬದಿಯಲ್ಲಿ ಮೇಲೆದ್ದಾಗ ಅದೇ ಸಾಲಿನಲ್ಲಿ ಮುಂದುವರಿಯುವುದಿಲ್ಲ, ಜಿಗಿದಿರುತ್ತದೆ.

ನಾಲ್ಕುಬೆಳಕು:
ಪಾರದರ್ಶಕ ಬಟ್ಟೆ ಬರೆಯುವುದಾದರೆ ಕ್ರಮ ಸ್ವಲ್ಪ ಬೇರೆ. ಮೈಯನ್ನು ಟೋನ್ ಸಮೇತ ಪೂರ್ತಿ ಬರೆದು ಆಮೇಲೆ ಬಟ್ಟೆ. ಚರ್ಮಕ್ಕೆ ತಾಗಿದ ಕಡೆ ಮೈಯ ಟೋನ್ ಹಾಗೇ ಬರಲಿ, ದೂರ ಸರಿದಂತೆ ಬಟ್ಟೆಯ ಟೋನ್ ಹೆಚ್ಚಲಿ. ಎರಡು ಪದರ ಸೇರಿದಲ್ಲಿ ದಟ್ಟ. ಮಡಿಕೆಯ ಅಂಚಿನಲ್ಲಿ ಬಟ್ಟೆಯನ್ನು ಓರೆಯಾಗಿ ನೋಡುತ್ತೇವೆ, ಅಲ್ಲಿ ಕಣ್ಣಿಗೆ ಹೆಚ್ಚು ಎಳೆ ಅಡ್ಡ ಬರುವುದರಿಂದ ಅಂಚೇ ಎಲ್ಲಕ್ಕಿಂತ ದಟ್ಟ ಗೆರೆಯಾಗಿ ಕಾಣುತ್ತದೆ. ಟ್ಯಾಬ್ಲೆಟ್‌ನಲ್ಲಿ ಬರೆಯುವವರು ಮೈಗೆ ಒಂದು ಲೇಯರ್ ಇಟ್ಟು, ದಪ್ಪ ಬಟ್ಟೆಯಾದರೆ ಅದರ ಒಪ್ಯಾಸಿಟಿ 20 ಪ್ರತಿಶತಕ್ಕೆ ಇಳಿಸಿ. ಪೂರ್ತಿ ಅಡಗಿಸಬೇಡಿ, ಮಡಿಕೆ ಎಲ್ಲಿ ಸುತ್ತಬೇಕು ಎಂದು ನೋಡಲು ಬೇಕಾಗುತ್ತದೆ.

ಬಿಳಿಹಾಳೆ:
ಪೋಸ್ ನಡುವೆ ಬಿಡುವು ಕೊಟ್ಟು ಮಾಡೆಲ್ ಮತ್ತೆ ಕೂತಾಗ ಮಡಿಕೆಗಳೆಲ್ಲ ಬದಲಾಗಿರುತ್ತವೆ. ಫೋಟೋ ತೆಗೆದಿಟ್ಟುಕೊಳ್ಳುವುದೊಂದೇ ದಾರಿಯೇ?

ಬೂದುಕಾಗದ:
ಫೋಟೋದಲ್ಲಿ ನೆರಳಿನ ಒಳಗಿನ ಟೋನ್‌ಗಳು ಒಂದೇ ಕಪ್ಪಾಗಿ ಮುಚ್ಚಿಹೋಗುತ್ತವೆ, ಆಕಾರ ನೆನಪಿಗೆ ಬೇಕಾದರೆ ಇರಲಿ. ಬಿಡುವಿಗೆ ಮುಂಚೆ ಮಡಿಕೆಗಳನ್ನು ಮುಗಿಸಿ, ತಲೆ ಕೈ ಪಾದ ಆಮೇಲೆ. ಅವು ಮತ್ತೆ ಅದೇ ಜಾಗಕ್ಕೆ ಬರುತ್ತವೆ, ಮಡಿಕೆ ಬರುವುದಿಲ್ಲ. ಪಾದದ ಸುತ್ತ ಮತ್ತು ಕುರ್ಚಿಯ ಕಾಲುಗಳಿಗೆ ಟೇಪ್ ಗುರುತು ಹಾಕಿ.

ಉದ್ದನೆಯ ಸ್ಟಡಿಗೆ ಮಾಡೆಲ್ ಬೇಡವೇ ಬೇಡ. ಲಿಯೊನಾರ್ಡೊ ಮಣ್ಣಿನ ಆಕೃತಿ ಮಾಡಿ, ಮಣ್ಣು ಮೆತ್ತಿದ ಒದ್ದೆ ಬಟ್ಟೆ ಅದಕ್ಕೆ ಹೊದಿಸಿ, ನೋಡಿ ಬರೆಯುತ್ತಿದ್ದ ಎಂದು ಇಟಲಿಯ ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ದಾಖಲಿಸಿದ್ದಾನೆ. ಲಿನನ್ ಮೇಲೆ ಕುಂಚದಿಂದ ಬೂದು, ಬಿಳಿಯಲ್ಲಿ ಮಾಡಿದ ಅಂಥ ಸ್ಟಡಿಗಳು ಲೂವ್ರ್‌ನಲ್ಲಿವೆ. ಈಗ ಸುಲಭದ ದಾರಿ ಎಂದರೆ ಬಿಳಿ ಅಂಟು ಮತ್ತು ನೀರು ಸಮಸಮ ಬೆರೆಸಿ, ಹಳೆಯ ಹತ್ತಿಬಟ್ಟೆ ಅದ್ದಿ ಹಿಂಡಿ, ಪ್ಲಾಸ್ಟಿಕ್ ಸುತ್ತಿದ ಗೊಂಬೆಗೆ ಹೊದಿಸುವುದು. ಮಡಿಕೆಗಳನ್ನು ಒದ್ದೆ ಇರುವಾಗಲೇ ಕೈಯಲ್ಲಿ ಸರಿಪಡಿಸಿಕೊಳ್ಳಿ. ಪೂರ್ತಿ ಒಣಗಿದ ಮೇಲೆ ಎಷ್ಟು ದಿನವಾದರೂ ಕದಲುವುದಿಲ್ಲ. ಚಿಕ್ಕ ಗೊಂಬೆಗೆ ದಪ್ಪ ಬಟ್ಟೆ ಹಾಕಿದರೆ ಮಡಿಕೆಗಳು ಮೈಗಿಂತ ದೊಡ್ಡದಾಗಿ ಅಳತೆ ಕೆಡುತ್ತದೆ. ಒಂದಡಿಯ ಗೊಂಬೆಗೆ ತೆಳು ಮಸ್ಲಿನ್ ಸಾಕು.

ಬೂದು ಕಾಗದ ಬಳಸುವುದಾದರೆ ಕಾಗದವೇ ನಡುವಿನ ಟೋನ್. ನೆರಳಿಗೆ ಇದ್ದಿಲು, ಬೆಳಕಿಗೆ ಬಿಳಿ ಚಾಕ್, ನಡುವೆ ಕಾಗದ ಹಾಗೇ ಉಳಿಯಲಿ. ಬಿಳಿ ಚಾಕ್ ಇದ್ದಿಲಿನ ಮೇಲೆ ಕೂತರೆ ಸುಣ್ಣದಂಥ ನೀಲಿ ಬೂದು ಬಂದು ಬಟ್ಟೆ ಕೊಳಕಾಗುತ್ತದೆ.

ಬಿಳಿಹಾಳೆ:
ಎರಡನೆಯ ಪ್ರಯತ್ನ ಹಾಕಿದ್ದೇನೆ. ಬಟ್ಟೆ ಓರೆ ಹೊದಿಸಿದೆ, ಮುಖ್ಯ ಮಡಿಕೆ ಆರು. ತೊಡೆ ಈಗ ತೊಡೆಯಾಗಿ ಕಾಣುತ್ತದೆ. ಬಲಮಂಡಿ ಇನ್ನೂ ಮಂಕು.

ಇದ್ದಿಲುಕಡ್ಡಿ:
ತೊಡೆಸಂದು ಚೆನ್ನಾಗಿ ಕೂತಿದೆ. ಬಲಮಂಡಿಯ ನೆತ್ತಿಯ ಮೇಲೆ ಮೂರು ಗೆರೆ ಹಾಯಿಸಿದ್ದೀರಿ, ಮಂಕಾಗಲು ಅದೇ ಕಾರಣ. ಮಂಡಿ ಬಟ್ಟೆಯನ್ನು ಬಿಗಿಯಾಗಿ ಹಿಡಿದ ಜಾಗ, ಅಲ್ಲಿ ಮಡಿಕೆ ನಿಲ್ಲುವುದಿಲ್ಲ. ನೀಡಬಲ್ ಎರೇಸರ್ (ಹಿಟ್ಟಿನಂತೆ ನಾದಬಹುದಾದ ರಬ್ಬರ್) ಒತ್ತಿ ಮೂರನ್ನೂ ಎತ್ತಿಬಿಡಿ, ಉಜ್ಜಬೇಡಿ. ಮಂಡಿಯ ಕೆಳಗಿನ ಅಂಚಿನಿಂದ ಎರಡು ಪೈಪ್ ಹೊರಡಲಿ, ಒಂದು ನೇರ ಕೆಳಗೆ, ಇನ್ನೊಂದು ಎಡಮಂಡಿಯ ಕಡೆಗೆ ವಾಲಿ. ಎರಡರ ನಡುವಿನ ಅಂತರ ಸಮ ಇರಬಾರದು.

ಬೂದುಕಾಗದ:
ಕುರ್ಚಿಯ ಸಂದಿಗೆ ಕಂಪ್ರೆಸ್ಡ್ ಚಾರ್ಕೋಲ್ (ಒತ್ತಿ ಗಟ್ಟಿ ಮಾಡಿದ ಇದ್ದಿಲು) ಹಾಕಿದ್ದೀರಿ, ಅದು ಇನ್ನು ಸುಲಭಕ್ಕೆ ಅಳಿಯುವುದಿಲ್ಲ, ಹಾಗೇ ಬಿಡಿ. ಎಡಪಾದದ ಕೆಳಗೂ ಅಷ್ಟೇ ಕಪ್ಪು ಬೇಕು, ಈಗ ಪಾದ ನೆಲಕ್ಕೆ ತಾಗಿಲ್ಲ. ಫಿಕ್ಸೇಟಿವ್ (ಇದ್ದಿಲು ಉದುರದಂತೆ ಹಿಡಿಯುವ ಸ್ಪ್ರೇ) ಹೊಡೆಯುವ ಮುಂಚೆ ಬೆಳಕಿನ ಭಾಗಗಳನ್ನು ಒಂದು ಹದ ತಿಳಿ ಮಾಡಿಕೊಳ್ಳಿ, ಹೊಡೆದ ಮೇಲೆ ಎಲ್ಲ ಟೋನೂ ಸ್ವಲ್ಪ ಗಾಢವಾಗುತ್ತದೆ.